ಒತ್ತುವ ಮುಂಚೆ ಮೂರು ಪ್ರಶ್ನೆ



ಲೆಕ್ಕ ಬರೆಯೋದು ನನ್ನ ಕೆಲಸ. ಆದರೂ ಒಂದು ವಿಡಿಯೊದ ಹೆಡ್ಡಿಂಗ್ ನೋಡಿ ನಾನೇ ಲೆಕ್ಕ ತಪ್ಪಿದೆ. 2025ರ ಮೇ ತಿಂಗಳು, ಇಲ್ಲೇ ಲಿವರ್‌ಮೋರ್‌ನಲ್ಲಿ. "ಊರಿಗೆ ಹಣ ಕಳಿಸುವವರಿಗೆ ಶಾಕ್! 5% ತೆರಿಗೆ! ಡಿಲೀಟ್ ಆಗುವ ಮುಂಚೆ ನೋಡಿ" ಅಂತ ಇತ್ತು. ಗಾಬರಿಯಾಗಿ, ಬಾಡಿಗೆಗೆ ಇಟ್ಟಿದ್ದ ದುಡ್ಡನ್ನೂ ಸೇರಿಸಿ ಅವತ್ತೇ ಊರಿಗೆ ಕಳಿಸಿಬಿಟ್ಟೆ. ಬಾಡಿಗೆ ತಡವಾಯಿತು, ದಂಡ ಕಟ್ಟಿದೆ.

ನಿಜ ಏನು? ಆಗ ಅದು ಬರೀ ಮಸೂದೆ. ಅಮೆರಿಕ ಸಂಸತ್ತಿನ ಕೆಳಮನೆಯೇ ಅದನ್ನು 3.5%ಕ್ಕೆ ಇಳಿಸಿತು. ಜುಲೈ 4ರಂದು ಕಾನೂನಾದಾಗ ಉಳಿದದ್ದು 1%. ಅದೂ 2026ರ ಜನವರಿ 1ರಿಂದ. ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸಿದರೆ ಮಾತ್ರ. 500 ಡಾಲರ್ ನಗದು ಕಳಿಸಿದರೆ 5 ಡಾಲರ್. ಇಲ್ಲಿನ ಬ್ಯಾಂಕ್ ಖಾತೆಯಿಂದಲೋ ಇಲ್ಲಿನ ಡೆಬಿಟ್ ಕಾರ್ಡಿನಿಂದಲೋ ಕಳಿಸಿದರೆ ಈ ತೆರಿಗೆ ಇಲ್ಲ.

ನೋಡಿ, ಹೆಡ್ಡಿಂಗ್ ಪೂರ್ತಿ ಸುಳ್ಳಲ್ಲ. 'ಮಸೂದೆ' ಅನ್ನೋ ಒಂದು ಮಾತು ಬಿಟ್ಟಿದ್ದರು, ಅಷ್ಟೇ. ಇದೇ ಕ್ಲಿಕ್‌ಬೈಟ್. ಗಾಳಕ್ಕೆ ಸಿಕ್ಕಿಸಿದ ಎರೆಹುಳ ಇದ್ದ ಹಾಗೆ. ನಾವು ಒತ್ತಿದರೆ ಜಾಹೀರಾತಿನ ದುಡ್ಡು ಅವರಿಗೆ, ಗಾಬರಿ ನಮಗೆ.

ಇನ್ನೊಂದು ಗಾಳ ಇದೆ. "ನಿಜವಾದ ಕನ್ನಡಿಗನಾದರೆ ಶೇರ್ ಮಾಡಿ", "ಅಮ್ಮನ ಮೇಲೆ ಪ್ರೀತಿ ಇದ್ದರೆ ಲೈಕ್ ಒತ್ತಿ", "ಮೂರು ಜನ ಸ್ನೇಹಿತರನ್ನು ಟ್ಯಾಗ್ ಮಾಡಿ". ಇದನ್ನು ಎಂಗೇಜ್‌ಮೆಂಟ್ ಬೈಟ್ ಅಂತಾರೆ. ಇಂಥ ಪೋಸ್ಟುಗಳನ್ನು ಕಡಿಮೆ ತೋರಿಸುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು. ಆದರೂ ಬರುತ್ತಲೇ ಇವೆ. ನಾವು ಲೈಕ್ ಒತ್ತಿ ಬೆಳೆಸಿದ ಪೇಜಿನಲ್ಲೇ ನಾಳೆ "ವೀಸಾ ಕೊಡಿಸ್ತೀವಿ, ಮುಂಗಡ ಕಟ್ಟಿ" ಅಂತ ಬರಬಹುದು. ಲೈಕ್ ಒತ್ತದಿದ್ದರೆ ಅಮ್ಮನ ಮೇಲಿನ ಪ್ರೀತಿ ಏನೂ ಕಮ್ಮಿ ಆಗಲ್ಲ. ಆ ಹೊತ್ತಿನಲ್ಲಿ ಅಮ್ಮನಿಗೇ ಒಂದು ಫೋನ್ ಮಾಡಿ.

ಒತ್ತುವ ಮುಂಚೆ, ಫಾರ್ವರ್ಡ್ ಮಾಡುವ ಮುಂಚೆ ಈ ಮೂರು ಕೇಳಿಕೊಳ್ಳಿ:

1. ಇದು ಯಾರಿಗೆ ಅನ್ವಯ? ನನಗಾ?
2. ಯಾವತ್ತಿಂದ? ಮಸೂದೆಯಾ, ಕಾನೂನಾ?
3. ಹೇಳಿದವರು ಯಾರು?

ಉತ್ತರ ಹೆಡ್ಡಿಂಗ್‌ನಲ್ಲಿ ಇಲ್ಲದಿದ್ದರೆ ಅನುಮಾನ ಪಡಿ. ತೆರಿಗೆ ವಿಷಯವಾದರೆ ಐಆರ್‌ಎಸ್, ವೀಸಾ ವಿಷಯವಾದರೆ ಯುಎಸ್‌ಸಿಐಎಸ್ ವೆಬ್‌ಸೈಟ್ ನೋಡಿ. ಎರಡರ ವಿಳಾಸವೂ 'ಡಾಟ್ ಗವ್' ಅಂತ ಮುಗಿಯಬೇಕು. ಇಂಗ್ಲಿಷ್ ಕಷ್ಟವಾದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಶಿವ-ವಿಷ್ಣು ದೇವಸ್ಥಾನದ ಹತ್ತಿರ ಸಿಕ್ಕಾಗ ನನ್ನನ್ನೇ ಕೇಳಿ, ನಾಚಿಕೆ ಬೇಡ. ದಂಡ ಕಟ್ಟಿ ಕಲಿತವನು ನಾನು. ನೀವು ಕಟ್ಟದೆ ಕಲಿಯಿರಿ.