ಹನ್ನೊಂದು ಕಿಲೋ ಕಂಪ್ಯೂಟರ್ ಮತ್ತು ಹಂಚಿಕೊಂಡ ಫ್ಲಾಪಿಗಳು

ಹೊತ್ತೊಯ್ಯಬಲ್ಲ ಕಂಪ್ಯೂಟರಿನ ಕಥೆಯನ್ನು ಅಮೆರಿಕದ ಬದಲು ತಿರುವಣ್ಣಾಮಲೆಯಿಂದ ಆರಂಭಿಸಿದರೂ ತಪ್ಪಾಗದು. ರಮಣ ಮಹರ್ಷಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು ಹೆಸರಾದ ಆರ್ಥರ್ ಆಸ್ಬೋರ್ನ್ ಅವರ ಮಗ ಆಡಮ್ 1939ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿ, ಬಾಲ್ಯವನ್ನು ತಮಿಳುನಾಡಿನಲ್ಲಿ ಕಳೆದವರು. ಮುಂದೆ ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋದ ಅವರು 1981ರ ಏಪ್ರಿಲಿನಲ್ಲಿ ಜನರ ಮುಂದಿಟ್ಟ ಯಂತ್ರವೇ ಆಸ್ಬೋರ್ನ್ 1. ವಿನ್ಯಾಸ ಲೀ ಫೆಲ್ಸೆನ್‌ಸ್ಟೈನ್ ಅವರದು. ತೂಕ ಸುಮಾರು 11 ಕಿಲೋ, ಹೊಲಿಗೆ ಯಂತ್ರದ ಪೆಟ್ಟಿಗೆಯನ್ನು ನೆನಪಿಸುವ ಆಕಾರ, 5 ಅಂಗುಲದ ಪರದೆ, ಸಾಲಿಗೆ 52 ಅಕ್ಷರ, ಬೆಲೆ 1,795 ಡಾಲರ್. ವಿಮಾನದ ಸೀಟಿನ ಕೆಳಗೆ ಹಿಡಿಸುತ್ತದೆ ಎಂಬುದೇ ಆಗ ದೊಡ್ಡ ಹೆಗ್ಗಳಿಕೆ.

ಬರೆಯಲು ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಜೊತೆಗೆ ಬೇಸಿಕ್ ಭಾಷೆ, ಇವು ಯಂತ್ರದೊಡನೆ ಪುಕ್ಕಟೆಯಾಗಿಯೇ ಬರುತ್ತಿದ್ದವು. ಮಾರಾಟವೂ ಬಿರುಸಾಗಿತ್ತು. ಆದರೆ 1983ರ ಸೆಪ್ಟೆಂಬರಿನಲ್ಲಿ ಕಂಪೆನಿ ದಿವಾಳಿ ಅರ್ಜಿ ಹಾಕಿತು. ಕೊಂಡವರ ಪಾಡು? ದುರಸ್ತಿಗೆ ಯಾರನ್ನು ಕೇಳುವುದು, ಹೊಸ ಪ್ರೋಗ್ರಾಂ ಎಲ್ಲಿಂದ ತರುವುದು? ಯಂತ್ರ ಮನೆಯಲ್ಲಿದೆ, ಮಾಡಿದವನು ಅಂಗಡಿ ಮುಚ್ಚಿದ್ದಾನೆ. ಆಗ ಕೈಹಿಡಿದದ್ದು ಬಳಕೆದಾರರ ಸಂಘಗಳು. ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಲ್ಲಿದ್ದ ಫಸ್ಟ್ ಆಸ್ಬೋರ್ನ್ ಗ್ರೂಪ್, ಅಂದರೆ ‘ಫಾಗ್’, ಅಂಥದ್ದೊಂದು. ಕಂಪೆನಿ ಮುಳುಗಿದ ಮೇಲೂ ಸಂಘ ಉಳಿಯಿತು, ಅದರ ಫ್ಲಾಪಿ ಭಂಡಾರ ಬೆಳೆಯಿತು. ಆಡಮ್ ಆಸ್ಬೋರ್ನ್ ಕೊನೆಗಾಲದಲ್ಲಿ ಭಾರತಕ್ಕೆ ಮರಳಿ 2003ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು.

ಆ ಫ್ಲಾಪಿಗಳಲ್ಲಿದ್ದವು ‘ಪಬ್ಲಿಕ್ ಡೊಮೇನ್’ ಪ್ರೋಗ್ರಾಂಗಳು. ಊರ ಅರಳಿಕಟ್ಟೆಯ ಹಾಗೆ. ಕಟ್ಟಿಸಿದವರ ಹೆಸರು ಗೊತ್ತಿದ್ದರೂ ಕೂರಲು ಯಾರ ಅಪ್ಪಣೆಯೂ ಬೇಡ. ಅಮೆರಿಕದ ಅಂದಿನ ಕಾನೂನಿನಂತೆ ಹಕ್ಕುಸ್ವಾಮ್ಯದ ಸೂಚನೆ ಇಲ್ಲದೆ ಪ್ರಕಟವಾದದ್ದು ಬಹುಮಟ್ಟಿಗೆ ಸಾರ್ವಜನಿಕ ಸ್ವತ್ತಾಗುತ್ತಿತ್ತು. 1989ರ ಮಾರ್ಚ್ 1ರಿಂದ ಸೂಚನೆಯ ಕಡ್ಡಾಯ ತಪ್ಪಿತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 21ನೇ ಕಲಮಿನಲ್ಲೂ ಕರ್ತೃ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡಲು ಅವಕಾಶವಿದೆ. ಹಾಗೆಂದು ಸಂಘದ ಫ್ಲಾಪಿಯಲ್ಲಿದ್ದುದೆಲ್ಲ ನಿಜಕ್ಕೂ ಸಾರ್ವಜನಿಕವೇನಲ್ಲ. ‘ಮಾರಬೇಡಿ, ಹಂಚಿಕೊಳ್ಳಿ’ ಎಂದು ಷರತ್ತು ಹಾಕಿ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡವರೂ ಇದ್ದರು. ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕಳಿಸಿ ಎನ್ನುವ ಷೇರ್‌ವೇರ್ ಪದ್ಧತಿಯಂತೂ ಬೇರೆಯೇ. ಜನ ಮಾತ್ರ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರು.

ಈ ಸಲಕರಣೆಗಳು ಮಾಡುತ್ತಿದ್ದ ಕೆಲಸ ಸಣ್ಣದು, ಉಪಕಾರ ದೊಡ್ಡದು. ‘ಯೂನೆರಾ’ ಎಂಬುದನ್ನೇ ನೋಡಿ. ಆಸ್ಬೋರ್ನ್ 1 ನಡೆಯುತ್ತಿದ್ದುದು ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ. ಅಲ್ಲಿ ಒಂದು ಫೈಲನ್ನು ಅಳಿಸಿದರೆ ಬರಹ ಅಳಿಯುವುದಿಲ್ಲ. ಫ್ಲಾಪಿಯ ಪಟ್ಟಿಯಲ್ಲಿ ಆ ಫೈಲಿನ ನಮೂದಿನ ಮೊದಲ ಬೈಟಿಗೆ ‘ಇ5’ ಎಂಬ ಗುರುತು ಬೀಳುತ್ತದೆ, ಅಷ್ಟೆ. ಹಾಜರಿ ಪುಸ್ತಕದಲ್ಲಿ ಹೆಸರಿಗೆ ಗೀಟು ಎಳೆದರೂ ಹುಡುಗ ಬೆಂಚಿನ ಮೇಲೇ ಕೂತಿರುವಂತೆ! ಆ ಜಾಗದ ಮೇಲೆ ಬೇರೆ ಬರಹ ಬೀಳುವ ಮೊದಲು ಗುರುತನ್ನು ತಿದ್ದಿದರೆ ಫೈಲು ಮರಳಿ ಬರುತ್ತದೆ. ಯೂನೆರಾ ಮಾಡುತ್ತಿದ್ದುದು ಇದನ್ನೇ. ತಿಂಗಳ ಲೆಕ್ಕವನ್ನೋ ಅರ್ಧ ಬರೆದ ಪುಸ್ತಕವನ್ನೋ ಕೈತಪ್ಪಿ ಅಳಿಸಿದವನಿಗೆ ಅದು ಎಷ್ಟು ಬೆಲೆಬಾಳುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕು, ಒಂದು ತಯಾರಿಕೆಯ ಯಂತ್ರದಲ್ಲಿ ಬರೆದ ಫ್ಲಾಪಿಯನ್ನು ಇನ್ನೊಂದು ಓದುತ್ತಿರಲಿಲ್ಲ. ಹಾಗಾಗಿ ತಂತಿಯ ಮೂಲಕವೋ ಟೆಲಿಫೋನಿನ ಮೂಲಕವೋ ಕಳಿಸಬೇಕಿತ್ತು. ಟೆಲಿಫೋನ್ ಮಾರ್ಗದಲ್ಲಿ ಗದ್ದಲ, ಅಕ್ಷರ ಕೆಡುವುದು ಖಚಿತ. ಷಿಕಾಗೊದ ವಾರ್ಡ್ ಕ್ರಿಸ್ಟೆನ್‌ಸೆನ್ 1977ರಲ್ಲಿ ‘ಮೋಡೆಮ್’ ಎಂಬ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅದು ಫೈಲನ್ನು 128 ಬೈಟುಗಳ ತುಂಡುಗಳಾಗಿ ಕಳಿಸುತ್ತದೆ. ಪ್ರತಿ ತುಂಡಿನ ಕೊನೆಗೆ, ದಿನಸಿ ಚೀಟಿಯ ಕೆಳಗಿನ ಮೊತ್ತದಂತೆ, ಒಂದು ಲೆಕ್ಕದ ಅಂಕಿ. ಆಚೆಯ ಯಂತ್ರ ತಾನೂ ಕೂಡಿ ನೋಡುತ್ತದೆ. ತಾಳೆಯಾದರೆ ಮುಂದಿನದು, ಇಲ್ಲವಾದರೆ ಅದನ್ನೇ ಇನ್ನೊಮ್ಮೆ. ಮೂಲ ಬರಹವೂ ಜೊತೆಗಿದ್ದುದರಿಂದ ಇತರರು ಅದನ್ನು ತಿದ್ದಿ ಬೆಳೆಸಿದರು, ‘ಮೋಡೆಮ್7’ ಬಂದಿತು. ಎಕ್ಸ್‌ಮೋಡೆಮ್ ಎಂದು ಲೋಕಕ್ಕೆ ತಿಳಿದ ಕ್ರಮ ಇದೇ. ಕ್ರಿಸ್ಟೆನ್‌ಸೆನ್ 2024ರಲ್ಲಿ ನಿಧನರಾದರು.

ಇನ್ನು ಚಿತ್ರಗಳ ಮಾತು. ಆಸ್ಬೋರ್ನ್ 1ರ ಪರದೆಯಲ್ಲಿ ಒಂದೊಂದೇ ಚುಕ್ಕೆ ಹಾಕುವ ಸೌಲಭ್ಯವೇ ಇರಲಿಲ್ಲ. ಅಕ್ಷರಗಳ ಜೊತೆಗೆ ಸಿದ್ಧವಾಗಿದ್ದ 32 ಗೆರೆ-ತುಂಡು ಆಕಾರಗಳನ್ನು ಜೋಡಿಸಿಯೇ ಚಿತ್ರ ಬರಬೇಕು.

1983ರಲ್ಲಿ ರೇಡಿಯೊ ಷ್ಯಾಕ್ ಮಾರಿದ ಮಾಡೆಲ್ 100 ಬೇರೆ ಜಾತಿಯದು. ಜಪಾನಿನ ಕ್ಯೊಸೆರಾ ತಯಾರಿಸಿದ್ದು, ತೂಕ ಒಂದೂವರೆ ಕಿಲೋಗೂ ಕಡಿಮೆ, 4 ಸಣ್ಣ ಸೆಲ್ಲುಗಳಲ್ಲಿ ಸುಮಾರು 20 ಗಂಟೆ ನಡೆಯುತ್ತಿತ್ತು. ವರದಿಗಾರರಿಗೆ ಅಚ್ಚುಮೆಚ್ಚು. ಪರದೆಯ ಅಗಲಕ್ಕೆ 240 ಚುಕ್ಕೆ, ಎತ್ತರಕ್ಕೆ 64, ಒಟ್ಟು 15,360. ಅಷ್ಟನ್ನೂ ಕಾಪಿಡಲು 1,920 ಬೈಟು ಬೇಕು. ಅಗ್ಗದ ಮಾದರಿಯಲ್ಲಿದ್ದ ಸ್ಮರಣೆಯೇ 8 ಕಿಲೋಬೈಟು. ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ಕಾಲುಭಾಗ ಹೋಯಿತು! ಆದ್ದರಿಂದ ‘ಬಿಳಿ 40, ಕಪ್ಪು 12’ ಎಂದು ಸಾಲಾಗಿ ಎಣಿಸಿ ಬರೆಯುವ ಆರ್‌ಎಲ್‌ಇ ಪದ್ಧತಿ ಅನುಕೂಲವಾಯಿತು. ಕಂಪ್ಯೂಸರ್ವ್ ಎಂಬ ಟೆಲಿಫೋನ್ ಸೇವೆಯಲ್ಲಿ ಓಡಾಡುತ್ತಿದ್ದ 256ಕ್ಕೆ 192 ಚುಕ್ಕೆಗಳ ಕಪ್ಪು-ಬಿಳುಪು ಚಿತ್ರಗಳು ಈ ಬಗೆಯವು. ಮಾಡೆಲ್ 100ರಲ್ಲಿ ಅವನ್ನು ಕುಗ್ಗಿಸಬೇಕು, ಇಲ್ಲವೇ ತುಂಡು ತುಂಡಾಗಿ ನೋಡಬೇಕು.

ಅದೇ ಸೇವೆಯಲ್ಲಿ ಮಾಡೆಲ್ 100ರವರದೇ ಬಳಗವಿತ್ತು. ಯಂತ್ರದೊಳಗಿನ ಮೋಡೆಮ್ ಸೆಕೆಂಡಿಗೆ 30 ಅಕ್ಷರದಷ್ಟು ವೇಗದ್ದು. ಎಣಿಸಿ ಕುಗ್ಗಿಸದಿದ್ದರೆ ಒಂದು ಪರದೆಯ ಚಿತ್ರ ಬರಲು ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕು, ಅತ್ತ ಫೋನಿನ ಬಿಲ್ಲು ಏರುತ್ತಿರುತ್ತದೆ. ಆ ಬಳಗದವರು ಕೂಡಿಹಾಕಿದ ಪ್ರೋಗ್ರಾಂ ಭಂಡಾರ ಇಂದಿಗೂ ಉಳಿದಿದೆ. ಹಲವು ಬೇಸಿಕ್‌ನಲ್ಲೇ ಇರುವುದರಿಂದ ಯಂತ್ರವಿಲ್ಲದವರೂ ಓದಿ ನೋಡಬಹುದು.