ಜವಾರಿ ಮತ್ತು ಕರಕರೆ

ನಮ್ಮ ಧಾರವಾಡ ಸೀಮೆಯಲ್ಲಿ ‘ಜವಾರಿ’ ಎಂಬ ಮಾತಿಗೆ ಎರಡು ಮನೆಗಳಿವೆ. ಒಂದು ಸಂತೆಯಲ್ಲಿ. ಜವಾರಿ ಬದನೆಕಾಯಿ, ಜವಾರಿ ಬೀಜ, ಜವಾರಿ ಆಕಳು ಎಂದರೆ ಹೊರಗಿನಿಂದ ತಂದದ್ದಲ್ಲ, ಈ ಮಣ್ಣಿನದೇ ಎಂದು ಅರ್ಥ. ಇನ್ನೊಂದು ಮನೆ ಸಂಗೀತಗಾರರ ಕೋಣೆಯಲ್ಲಿ. ತಂಬೂರಿಯ ತಂತಿಯನ್ನು ಬೆರಳು ಸವರಿದಾಗ ಸ್ವರದ ಬೆನ್ನ ಹಿಂದೆಯೇ ಒಂದು ಝೇಂಕಾರ ಹುಟ್ಟಿ, ತುಂಬಿಕೊಂಡು, ಮೆಲ್ಲಗೆ ತೆಳುವಾಗುತ್ತ ಹೋಗುತ್ತದಲ್ಲ, ಅದಕ್ಕೂ ಜವಾರಿ ಎಂದೇ ಹೆಸರು. ಈ ಎರಡು ಶಬ್ದಗಳ ಬೇರು ಒಂದೇ ಎಂದು ನಾನು ವಾದಿಸಲಾರೆ. ಆ ಕೆಲಸ ಭಾಷಾಶಾಸ್ತ್ರಜ್ಞರದು. ತಂತಿಯು ಮೂಳೆಗೋ ಲೋಹಕ್ಕೋ ತಗುಲಿ ಹುಟ್ಟುವ ಸದ್ದು ಒಂದು ವಾದ್ಯದಲ್ಲಿ ಪ್ರಾಣವೆನಿಸಿ, ಇನ್ನೊಂದರಲ್ಲಿ ಪೀಡೆಯೆನಿಸುವುದು ಹೇಗೆ ಎಂಬುದನ್ನು ಮಾತ್ರ, ನಮ್ಮ ದೇವಿಕೊಪ್ಪಕ್ಕೆ ಬಂದ ಒಂದು ಹೊಸ ಎಲೆಕ್ಟ್ರಿಕ್ ಗಿಟಾರಿನ ನೆಪದಲ್ಲಿ ಇಂದು ಹೇಳಬೇಕೆಂದಿದ್ದೇನೆ.

ಮೊದಲು ಪ್ರಾಣದ ಮಾತು. ತಂಬೂರಿಯ ಕುದುರೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಪಿಟೀಲಿನ ಕುದುರೆಯಂತೆ ತೆಳ್ಳನೆಯ ಅಂಚಿನದಲ್ಲ, ಅಗಲವಾದ ಪೀಠ. ಅದರ ಮೇಲ್ಮೈಗೆ ಕಣ್ಣಿಗೆ ಕಂಡೀತೋ ಇಲ್ಲವೋ ಎಂಬಷ್ಟು ಸೂಕ್ಷ್ಮವಾದ ಒಂದು ಬಾಗು. ತಂತಿ ಅದರ ಮೇಲೆ ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ. ಕಂಪಿಸುವಾಗೆಲ್ಲ ಆ ಬಾಗಿಗೆ ತಾಗುತ್ತ ಬಿಡುತ್ತ ಇರುತ್ತದೆ. ತಂತಿಯ ಕೆಳಗೆ ‘ಜೀವಾ’ ಎನ್ನುವ ನೂಲಿನ ಎಳೆಯನ್ನು ತೂರಿಸಿ ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಸ್ವರ ಥಟ್ಟನೆ ಅರಳುತ್ತದೆ. ಈ ಚಮತ್ಕಾರದ ಹಿಂದಿನ ಭೌತಶಾಸ್ತ್ರವನ್ನು ಸಿ. ವಿ. ರಾಮನ್ ಅವರು 1921ರಷ್ಟು ಹಿಂದೆಯೇ ಒಂದು ಲೇಖನದಲ್ಲಿ ಎತ್ತಿಕೊಂಡಿದ್ದರು. ಸಾಧಾರಣ ತಂತಿಯೊಂದನ್ನು ನಟ್ಟನಡುವೆ ಮೀಟಿದರೆ, ನಡುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದೇ ಇಲ್ಲ ಎಂಬುದು ಐರೋಪ್ಯ ವಿಜ್ಞಾನದ ನಿಯಮ. ನಮ್ಮ ತಂಬೂರಿಯೂ ವೀಣೆಯೂ ಆ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಎಲ್ಲಿ ಮೀಟಿದರೂ ಉಪಸ್ವರಗಳ ಇಡೀ ಸಂಸಾರವೇ ಎದ್ದು ಬರುತ್ತದೆ. ಅದಕ್ಕೆ ಕಾರಣ ಆ ಕುದುರೆಯ ಬಾಗು.

ಇದನ್ನು ತಿದ್ದುವ ಕೈಗಳು ನಮಗೆ ದೂರದವಲ್ಲ. ಗಡಿಯಾಚೆಯ ಮಿರಜದಲ್ಲಿ ಸಿತಾರ, ತಂಬೂರಿ ಮಾಡುವ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಅಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಬಂದೇ ಅಲಿ ಖಾನರ ಶಿಷ್ಯರಾದ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿದ ಮೇಲೆ ಸಿತಾರವೆಂಬುದು ಈ ಊರಿನ ಮನೆಮಾತಾಯಿತು. ಅವರ ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಆ ನಾದ ನಮ್ಮ ಕಿವಿಯಲ್ಲಿತ್ತು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಹೋಗಿಬರುತ್ತಿದ್ದ ಕಥೆ ನಿಮಗೆಲ್ಲ ಗೊತ್ತು. ಇಂಥ ಸೀಮೆಯ ಕಿವಿಗೆ ಜವಾರಿಯ ರುಚಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರವಿಶಂಕರರದು ‘ಖುಲಾ’ ಜವಾರಿ, ವಿಲಾಯತ್ ಖಾನರದು ‘ಬಂದ್’ ಕಡೆಗೆ ವಾಲಿದ್ದು ಎಂದು ಕಣ್ಣು ಮುಚ್ಚಿ ಹೇಳುವ ರಸಿಕರು ಇಲ್ಲಿ ಕಿರಾಣಿ ಅಂಗಡಿಯಲ್ಲೂ ಸಿಕ್ಕಾರು.

ಗಿಟಾರಿನ ಮರ್ಯಾದೆ ಬೇರೆ. ಅದರ ಕುದುರೆಯ ಮೇಲೆ ತಂತಿ ಒಂದು ಚೂಪಾದ ತುದಿಯಲ್ಲಿ ನಿಲ್ಲಬೇಕು. ಕೊರಳ ಮೇಲಿನ ಲೋಹದ ಮೆಟ್ಟಿಲುಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಬೆರಳು ಒತ್ತಿದ ಒಂದಕ್ಕೆ ಮಾತ್ರ ತಗುಲಿ ಉಳಿದವುಗಳ ಮೇಲೆ ಸೋಂಕದೆ ಹಾಯಬೇಕು. ಮುಂದಿನ ಫ್ರೆಟ್ಟಿಗೆ ಸೋಂಕಿತೋ, ಕರಕರ ಎನ್ನುತ್ತದೆ. ಇದು ಜವಾರಿಯಲ್ಲ, ಕರಕರೆ. ಸಿತಾರದಲ್ಲೂ ಪರದೆ ಸವೆದು ಹೀಗೆ ಸದ್ದು ಮಾಡಿದರೆ ಉಸ್ತಾದರು ಸಹಿಸುವುದಿಲ್ಲ. ತಂತಿ ಎಲ್ಲಿ ತಗುಲಬೇಕೆಂದು ಮಾಡಿದವನು ಬಯಸಿದ್ದನೋ ಅಲ್ಲಿ ತಗುಲಿದರೆ ನಾದ. ಬಯಸದ ಕಡೆ ತಗುಲಿದರೆ ರಗಳೆ.

ನಾನು ಹೇಳಹೊರಟ ಗಿಟಾರು ಒಬ್ಬ ಕಾಲೇಜು ಹುಡುಗನದು. ಎರಡು ಸುಗ್ಗಿ ಗೋವಿನಜೋಳದ ರಾಶಿಯಲ್ಲಿ ಕೂಲಿ ಮಾಡಿ ಕೂಡಿಸಿದ ಹಣದಿಂದ, ಫೋನಿನಲ್ಲೇ ಬೇಡಿಕೆ ಕಳಿಸಿ ತರಿಸಿಕೊಂಡದ್ದು. ಮೊದಮೊದಲು ಬೆರಳು ಸುಲಿದುಹೋಗುತ್ತಿತ್ತಂತೆ. ಯಾರೋ ಹೇಳಿದರೆಂದು ತೆಳುವಾದ ತಂತಿಗಳನ್ನು ತರಿಸಿ ಹಾಕಿದ. ಅಂದಿನಿಂದ ಕೊರಳಿನ ತಲೆಕಡೆಯ ನಾಲ್ಕೈದು ಮೆಟ್ಟಿಲುಗಳಲ್ಲಿ ಯಾವ ತಂತಿ ಒತ್ತಿದರೂ ಕರಕರ. ಕೇಳಿದವರೆಲ್ಲ ನಕ್ಕರು. ಭಜನೆಯಲ್ಲಿ ಪೇಟಿ ಬಾರಿಸುವ ಅವನ ತಂದೆ ಅದನ್ನು ಬಂದಷ್ಟಕ್ಕೆ ಮಾರಿಬಿಡುವ ಮಾತಾಡಿದ. ನಾನು ಸಿತಾರ ಬಾರಿಸುವವನೆಂದು ಗೊತ್ತಿದ್ದರಿಂದ ಹುಡುಗ ನಮ್ಮ ಮನೆಗೆ ಬಂದು ಕೇಳಿದ್ದು ಒಂದೇ ಮಾತು: “ಅಜ್ಜಾರ, ನನ್ನ ಬಟ್ಟಿನಾಗ ದೋಷ ಐತೇನ್ರಿ?” ವಾದ್ಯದ ದೋಷವನ್ನು ತನ್ನ ದೋಷವೆಂದು ನಂಬಿ ಸಂಗೀತವನ್ನೇ ಬಿಟ್ಟವರು ಎಷ್ಟು ಜನವೋ! ಮಕ್ಕಳಿಗೆ ವಾದ್ಯ ಕೊಡಿಸುವವರು ಈ ಒಂದು ಸಂಗತಿಯನ್ನು ಎಂದೂ ವಿಚಾರಿಸುವುದಿಲ್ಲ.

ವಾದ್ಯವನ್ನು ಶ್ರುತಿಗೆ ತಂದೇ ಪರೀಕ್ಷಿಸಬೇಕು. ಸಡಿಲ ತಂತಿಯಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. ಆರನೆಯ ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿ ಒಂದು ಬೆರಳಿನಿಂದಲೂ ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದರಿಂದಲೂ ಒತ್ತಿ ಹಿಡಿದರೆ ಆ ತಂತಿಯೇ ಗೆರೆಗೋಲಾಗುತ್ತದೆ. ಆಗ ಏಳು ಎಂಟನೆಯ ಫ್ರೆಟ್ಟುಗಳ ಮೇಲೆ ತಂತಿಗೂ ಲೋಹಕ್ಕೂ ನಡುವೆ 0.2 ಅಥವಾ 0.3 ಮಿಲಿಮೀಟರಿನಷ್ಟು ಬಿಡುವಿರಬೇಕು. ಲಗ್ನಪತ್ರಿಕೆಯ ಒಂದು ಮೂಲೆ ತೂರಿದರೆ ಸಾಕು ಎನ್ನಿ. ಕಂಪಿಸುವ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ತೂಗುವುದರಿಂದ, ಕೊರಳು ಒಂದಿಷ್ಟು ಒಳಬಾಗಿ ಅದಕ್ಕೆ ಜಾಗ ಬಿಡಬೇಕು. ಈ ಗಿಟಾರಿನಲ್ಲಿ ಕಾಗದವಿರಲಿ, ಕೂದಲೂ ತೂರಲಿಲ್ಲ.

ಊರಲ್ಲಿ ಒಬ್ಬ ಹಿರಿಯ ಬಡಿಗರಿದ್ದಾರೆ. ಕಲಘಟಗಿಯ ಬಣ್ಣದ ತೊಟ್ಟಿಲುಗಳ ಹೆಸರು ನೀವು ಕೇಳಿರಬೇಕು; ಅಂಥ ಕೆಲಸದಲ್ಲಿ ಪಳಗಿದ ಕೈ. ಹಲಗೆಯ ಅಂಚು ನೋಡುವ ಹಾಗೆ ಗಿಟಾರನ್ನು ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕೊರಳಿನುದ್ದಕ್ಕೂ ದಿಟ್ಟಿಸಿ, “ಕೊಳ್ಳು ಹಿಂದಕ್ಕ ಸೆಟದೈತ್ರಿ” ಎಂದರು. ಕಾರಣ ತಿಳಿದದ್ದು ಆಮೇಲೆ. ಗಿಟಾರಿನ ಆರು ತಂತಿಗಳು ಶ್ರುತಿಯಲ್ಲಿದ್ದಾಗ ಕೊರಳನ್ನು ಒಟ್ಟು 45 ಕಿಲೋಗ್ರಾಮಿನ ಆಸುಪಾಸಿನ ಬಲದಿಂದ ಎಳೆಯುತ್ತಿರುತ್ತವೆ, ಹತ್ತಿರ ಹತ್ತಿರ ಅರ್ಧ ಕ್ವಿಂಟಲ್! ಅದನ್ನು ತಡೆಯಲೆಂದು ಕೊರಳೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಗಿಬ್ಸನ್ ಕಂಪನಿಯ ಥಡಿಯಸ್ ಮೆಕ್‌ಹ್ಯೂ ಎಂಬಾತ ಇದಕ್ಕೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದ್ದು 1921ರಲ್ಲಿ, ಅಂದರೆ ರಾಮನ್ನರ ಲೇಖನದ ವರ್ಷದಲ್ಲೇ. ಒಬ್ಬರು ತಂತಿ ತಗುಲುವುದರ ಸೊಗಸನ್ನು ಅಳೆಯುತ್ತಿದ್ದಾಗ, ಇನ್ನೊಬ್ಬರು ಕೊರಳು ಬಾಗದಂತೆ ಕಾಯುವ ಉಪಾಯ ಹುಡುಕುತ್ತಿದ್ದರು. ತೆಳು ತಂತಿ ಹಾಕಿದಾಗ ಎಳೆತ ಏಳೆಂಟು ಕಿಲೋ ಇಳಿಯುತ್ತದೆ. ಸರಳಿನ ಬಿಗಿ ಮಾತ್ರ ದಪ್ಪ ತಂತಿಗೆ ಹೊಂದಿಸಿದ್ದು, ಹಾಗೆಯೇ ಇದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಕೈಬಿಟ್ಟ ಹಾಗಾಯಿತು. ಸರಳು ಗೆದ್ದಿತು, ಕೊರಳು ಹಿಂದಕ್ಕೆ ಸೆಟೆಯಿತು.

ಮದ್ದು ಸುಲಭ, ಆದರೆ ಅವಸರ ಸಲ್ಲದು. ಸರಳಿನ ತಲೆಗೆ ಹೊಂದುವ ಆರು ಮೂಲೆಯ ಕೀಲಿಯೊಂದು ಡಬ್ಬಿಯಲ್ಲೇ ಬಂದಿತ್ತು. ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿಯಿಡೀ ಬಿಟ್ಟೆವು. ಮರ ತನ್ನ ಹೊಸ ಮೈಗೆ ಒಗ್ಗಲು ಹೊತ್ತು ತೆಗೆದುಕೊಳ್ಳುತ್ತದೆ. ಒಮ್ಮೆಗೇ ಪೂರ್ತಿ ಸುತ್ತು ತಿರುಗಿಸುವ ಧೀರರಿದ್ದಾರೆ. ಅವರ ಕೈಯಲ್ಲಿ ಸರಳಿನ ತಲೆ ಕಿತ್ತರೆ ಕೊರಳೇ ಹೋದಂತೆ. ಮರುದಿನ ಇನ್ನೊಂದು ಎಳ್ಳಷ್ಟು. ಲಗ್ನಪತ್ರಿಕೆ ತೂರಿತು. ತಲೆಕಡೆಯ ಕರಕರೆ ನಿಂತಿತು.

ಮೇಲಿನ ಕಡೆ ಇನ್ನೂ ಸ್ವಲ್ಪ ಇತ್ತು. ಅದು ಕುದುರೆಯ ಎತ್ತರದ ಮಾತು. ಪ್ರತಿ ತಂತಿಗೂ ಕುದುರೆಯಲ್ಲಿ ಬೇರೆ ಬೇರೆ ಪುಟ್ಟ ತಿರುಪುಗಳಿರುತ್ತವೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿ 2 ಮಿಲಿಮೀಟರಿನಷ್ಟೂ ತೆಳು ತಂತಿ ಒಂದೂವರೆಯಷ್ಟೂ ಎತ್ತರದಲ್ಲಿರುವಂತೆ ಏರಿಸಿದೆವು. ಕೊರಳು ಸರಿಹೋಗುವ ಮೊದಲೇ ಇದನ್ನು ಮುಟ್ಟುವವರು ಎರಡೆರಡು ಸಲ ಕೆಲಸ ಮಾಡಬೇಕಾಗುತ್ತದೆ. ಬೆರಳಿಡದ ತಂತಿ ಮಾತ್ರ ಕರಕರ ಎಂದರೆ ಅದು ತಲೆಯ ಬುಡದ ಮೇರುವಿನಲ್ಲಿ ಗೀರು ಆಳವಾಗಿರುವುದರ ಗುರುತು. ಇಲ್ಲಿ ಆ ತೊಂದರೆ ಇರಲಿಲ್ಲ. ಆದರೆ ಎರಡನೆಯ ತಂತಿಯಲ್ಲಿ ಹದಿನಾಲ್ಕನೆಯ ಮೆಟ್ಟಿಲು ಒಂದೇ ಒಂದು ಹಟ ಹಿಡಿಯಿತು. ಒಂದೇ ಜಾಗದಲ್ಲಿ ಸದ್ದೆಂದರೆ ಅಪರಾಧಿ ಅದರ ಮುಂದಿನದು. ಬಡಿಗರು ಮೂರು ಫ್ರೆಟ್ಟುಗಳ ಮೇಲೆ ಮಾತ್ರ ಕೂಡುವಂಥ ಒಂದು ಚಿಕ್ಕ ಉಕ್ಕಿನ ಪಟ್ಟಿಯನ್ನಿಟ್ಟು ಅಲುಗಿಸಿದರು. ಹದಿನೈದನೆಯದರ ಮೇಲೆ ಅದು ಕುಂಟುವ ಮಣೆಯಂತೆ ಟಕ್ ಟಕ್ ಎಂದಿತು. ಫ್ರೆಟ್ಟಿನ ಒಂದು ತುದಿ ಗಾಡಿಯಿಂದ ತುಸು ಮೇಲೆದ್ದಿತ್ತು. ತಂತಿ ಸರಿಸಿ, ಕೊರಳ ಕೆಳಗೆ ಮಡಿಸಿದ ಗೋಣಿಚೀಲವಿಟ್ಟು, ತೊಗಲು ಸುತ್ತಿದ ಮರದ ಕೊಡತಿಯಿಂದ ಮೂರು ಪೆಟ್ಟು. ಮುಕ್ಕಾಲು ಪಾಲು ಕುಳಿತಿತು. ಬಲವಾಗಿ ಮೀಟಿದರೆ ಈಗಲೂ ಒಂದು ಸಣ್ಣ ಸಿಡುಕು ಕೇಳುತ್ತದೆ. ಯಂತ್ರದ ಮೂಲಕ ಹಾಯಿಸಿದಾಗ ಕೇಳಿಸುವುದಿಲ್ಲ. ಅಷ್ಟಕ್ಕೆ ಕಾನಸು ಹಿಡಿದು ಲೋಹವನ್ನು ಸವೆಸುವುದು ಬೇಡವೆಂದು ಬಡಿಗರೇ ತಡೆದರು. ಸವೆಸಿದ್ದನ್ನು ಮತ್ತೆ ಬೆಳೆಸಲಾಗುವುದಿಲ್ಲವೆಂಬುದು ಅವರ ಕಸುಬಿನ ಮೊದಲ ಪಾಠವಂತೆ.

ಇಲ್ಲಿ ನಮ್ಮ ಸಿತಾರದವನ ಗರ್ವ ಸ್ವಲ್ಪ ಇಣುಕಬೇಕು. ಸಿತಾರದ ಪರದೆಗಳನ್ನು ದಾರದಿಂದ ಕಟ್ಟಿರುತ್ತಾರೆ. ರಾಗಕ್ಕೆ ತಕ್ಕಂತೆ ಸರಿಸಬಹುದು. ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಕೆಟ್ಟರೆ ಮೇಣ ಬಿಸಿ ಮಾಡಿ ಹೊಸದಾಗಿ ‘ಮೇಳ ಕಟ್ಟುವ’ ಕುಶಲಿಗಳಿದ್ದಾರೆ. ಗಿಟಾರಿನಲ್ಲಿ ಅದೆಲ್ಲ ಶಿಲಾಶಾಸನ. ತಂತಿಯ ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ ಮುಂದಿನ ಫ್ರೆಟ್ಟಿನ ಜಾಗ ಗೊತ್ತುಮಾಡುತ್ತಾರೆ. 648 ಮಿಲಿಮೀಟರಿನ ತಂತಿಯಲ್ಲಿ ಮೊದಲನೆಯದು ಮೇರುವಿನಿಂದ ಸುಮಾರು 36.4 ಮಿಲಿಮೀಟರಿಗೆ ಬೀಳುತ್ತದೆ. ಸರಿಸಲು ಉಳಿದಿರುವುದು ಕುದುರೆಯೊಂದೇ. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರವು ಅಲ್ಲಿಯೇ ಬೆರಳು ಸೋಕಿಸಿ ಎಬ್ಬಿಸಿದ ಉಪಸ್ವರಕ್ಕಿಂತ ಏರಿದ್ದರೆ ಕುದುರೆಯನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕಿವಿಯಿದ್ದವನಿಗೆ ಅರ್ಧ ಗಂಟೆಯ ಕೆಲಸ. ಹುಡುಗನ ಕಿವಿ ಎಷ್ಟು ಸೂಕ್ಷ್ಮವೆಂದು ನನಗೆ ಗೊತ್ತಾದದ್ದು ಆ ಅರ್ಧ ಗಂಟೆಯಲ್ಲಿ. ನಾನು ‘ಸರಿ’ ಎಂದ ಎರಡು ತಂತಿಗಳನ್ನು ಅವನು ಒಪ್ಪದೆ, ಮತ್ತೆ ಕೂದಲೆಳೆಯಷ್ಟು ಸರಿಸಿ, ಸರಿಯಾಗಿಯೇ ನಿಲ್ಲಿಸಿದ.

ಒಂದು ಎಚ್ಚರಿಕೆ. ಯಂತ್ರ ಹಚ್ಚಿದಾಗ ಕೇಳುವ ಗುಂಯ್ ಎಂಬ ಸದ್ದನ್ನು ಈ ಕರಕರೆಯ ಜೊತೆ ಬೆರೆಸಬಾರದು. ಅದು ತಂತಿಯದಲ್ಲ, ಮನೆಯ ವಿದ್ಯುತ್ತಿನದು. ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ನಮ್ಮ ವಿದ್ಯುತ್ತು ಸುರುಳಿಗಳಲ್ಲಿ ಹಾಡುವ ಹಾಡು. ಮನೆಯ ತಂತಿಜಾಲಕ್ಕೆ ಭೂಸಂಪರ್ಕ ಸರಿಯಾಗಿಲ್ಲದಿದ್ದರೆ ಅದು ಬರಿಯ ಕಿವಿಯ ಮಾತಲ್ಲ, ಜೀವದ ಮಾತು. ಹುಡುಗನ ಮನೆಯಲ್ಲಿ ಮೊದಲು ಅದನ್ನು ಸರಿಪಡಿಸಲು ಹೇಳಿದೆ.

ನಮ್ಮದು ಮಲೆನಾಡಿನ ಸೆರಗು. ಮಳೆಗಾಲದ ತೇವಕ್ಕೂ ಮಾಘದ ಒಣ ಗಾಳಿಗೂ ಮರ ಒಂದೇ ಥರ ಇರುವುದಿಲ್ಲ. ಬೇಸಿಗೆಯಲ್ಲಿ ಕೊರಳ ಹಲಗೆ ಅಡ್ಡಕ್ಕೆ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚಿಯಾವು. ವರ್ಷಕ್ಕೆರಡು ಬಾರಿ ಲಗ್ನಪತ್ರಿಕೆಯ ಪರೀಕ್ಷೆ ಮಾಡೆಂದು ಹುಡುಗನಿಗೆ ಹೇಳಿದ್ದೇನೆ. ಅಳತೆಗಳನ್ನು ಅವನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡ; ಬಡಿಗರು ತಮ್ಮ ಉಕ್ಕಿನ ಪಟ್ಟಿಯನ್ನು ಅವನಿಗೇ ಕೊಟ್ಟರು. ತಂದೆ ಮಾರುವ ಮಾತನ್ನು ದೀಪಾವಳಿಯವರೆಗೆ ಮುಂದೂಡಿದ್ದಾನೆ. ಈ ನಡುವೆ ಹತ್ತಿರದ ಹಳ್ಳಿಯ ಇನ್ನೊಬ್ಬ ಹುಡುಗ ತನ್ನ ಗಿಟಾರನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದು ಇಳಿದಿದ್ದ, ನನ್ನನ್ನಲ್ಲ, ಇವನನ್ನು ಕೇಳಿಕೊಂಡು.