ನಡೆದು ನೋಡುವ ಮುಂಬಯಿ

ಊರಿನಿಂದ ನೆಂಟರು ಬಂದರೆ ನಾವು ಮುಂಬಯಿಯವರು ಏನನ್ನು ತೋರಿಸುತ್ತೇವೆ? ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಮಹಾಲಕ್ಷ್ಮಿ ದೇವಸ್ಥಾನ. ಹೊತ್ತು ಉಳಿದರೆ ಚೌಪಾಟಿಯ ಭೇಲ್‌ಪುರಿ. ನೆಂಟರು ಸಂತೋಷದಿಂದ ರೈಲು ಹತ್ತುತ್ತಾರೆ. ಆದರೆ ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಒಂದು ದಿನ ಕೇಳುತ್ತಾರೆ: "ಈ ಊರಿಗೂ ನಮಗೂ ಏನು ಸಂಬಂಧ? ಅಜ್ಜ ಹೋಟೆಲಿಗೆ ಬಂದರು, ಅಪ್ಪ ಬ್ಯಾಂಕಿಗೆ ಬಂದರು, ಅಷ್ಟೇ ತಾನೆ?" ಈ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಕೊಡುವುದು ಕಷ್ಟ. ಒಂದು ಭಾನುವಾರ ಬೆಳಿಗ್ಗೆ ಎರಡೂವರೆ ಕಿಲೋಮೀಟರ್ ನಡೆದರೆ ಸುಲಭ. ಅಂಥ ನಡಿಗೆಯನ್ನು ಯೋಜಿಸುವುದು ಹೇಗೆ ಎಂಬುದನ್ನು ಇವತ್ತು ತಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕನ್ನಡ ಸಂಘದವರು ಈ ಕೆಲಸವನ್ನು ನನ್ನ ಹೆಗಲಿಗೆ ಹಾಕಿದರು. ನಾನು ಉತ್ಸಾಹದಿಂದ ಹದಿನಾಲ್ಕು ಸ್ಥಳಗಳ ಪಟ್ಟಿ ಮಾಡಿದೆ. 1885ರಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದ ಗೋಕುಲದಾಸ್ ತೇಜಪಾಲ್ ಪಾಠಶಾಲೆಯಿಂದ ಹಿಡಿದು, ಗಾಂಧೀಜಿ ಇಳಿದುಕೊಳ್ಳುತ್ತಿದ್ದ ಮಣಿಭವನ, 1942ರ ಆಗಸ್ಟ್ ಕ್ರಾಂತಿ ಮೈದಾನ, ಡಾ. ಅಂಬೇಡ್ಕರ್ ಕಟ್ಟಿಸಿದ ದಾದರಿನ ರಾಜಗೃಹ, 1946ರ ನಾವಿಕರ ಬಂಡಾಯ ಶುರುವಾದ ಕೊಲಾಬಾದವರೆಗೆ ಎಲ್ಲವನ್ನೂ ಇಸವಿಗಳ ಕ್ರಮದಲ್ಲಿ ಜೋಡಿಸಿದೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಒಬ್ಬನೇ ಹೋಗಿ ನಡೆದು ನೋಡಿದಾಗ ಅರ್ಧ ದಾರಿಗೇ ಮಧ್ಯಾಹ್ನವಾಯಿತು. ಇತಿಹಾಸ ಇಸವಿಗಳ ಕ್ರಮದಲ್ಲಿ ನಡೆಯುತ್ತದೆ, ನಮ್ಮ ಕಾಲುಗಳು ರಸ್ತೆಯ ಕ್ರಮದಲ್ಲಿ ನಡೆಯುತ್ತವೆ. ಇದು ನಾನು ಕಲಿತ ಮೊದಲ ಪಾಠ. ಐದು ಸ್ಥಳ ಸಾಕು, ಅವು ಒಂದಕ್ಕೊಂದು ಹತ್ತಿರವಿರಬೇಕು.

ಎರಡನೆಯ ಪಾಠ: ಐದೂ ಸ್ಥಳಗಳನ್ನು ಪೋಣಿಸುವ ಒಂದು ದಾರ ಬೇಕು. ನಾನು ಆರಿಸಿಕೊಂಡದ್ದು ನಮ್ಮಲ್ಲಿ ಅನೇಕರು ಮರೆತಿರುವ ಒಂದು ಸಂಗತಿಯನ್ನು. 1956ರ ಅಕ್ಟೋಬರ್ 31ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಹುಬ್ಬಳ್ಳಿಯ ವ್ಯಾಪಾರಿಗೆ, ಕಾರವಾರದ ಶಾಲಾ ಮಾಸ್ತರರಿಗೆ, ಬಾಗಲಕೋಟೆಯ ರೈತನಿಗೆ ರಾಜಧಾನಿ ಬೆಂಗಳೂರಲ್ಲ, ಮುಂಬಯಿ. ಕಾನೂನು ಇಲ್ಲಿ ಆಗುತ್ತಿತ್ತು, ಮೇಲ್ಮನವಿ ಇಲ್ಲಿಗೆ ಬರುತ್ತಿತ್ತು. ಅಂದಮೇಲೆ ಈ ಊರಿನ ರಾಜಕೀಯ ಇತಿಹಾಸದಲ್ಲಿ ನಾವು ಬರೇ ಪ್ರೇಕ್ಷಕರಲ್ಲ.

ಈ ದಾರ ಹಿಡಿದು ಫೋರ್ಟ್ ಭಾಗದ ದಾರಿಯನ್ನು ಗೊತ್ತು ಮಾಡಿದೆ. ಆದರೆ ಒಂದು ಜಾಗವನ್ನು ಬೇಕೆಂದೇ ಬಿಟ್ಟೆ. ಅದು ಹುತಾತ್ಮಾ ಚೌಕ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಸ್ಮಾರಕದೆದುರು ಕನ್ನಡಿಗರ ಗುಂಪು ನಿಂತು ಏನು ಮಾತಾಡುವುದು? ಆ ಚಳವಳಿ ಬೆಳಗಾವಿ, ಕಾರವಾರಗಳನ್ನೂ ಕೇಳಿತ್ತಲ್ಲವೆ? ಯಾರಾದರೂ ಒಂದು ಮಾತು ಎತ್ತಿದರೆ ಜಗಳಕ್ಕೆ ದಾರಿ, ಸುಮ್ಮನೆ ಯಾಕೆ ಎಂದುಕೊಂಡೆ.

ಸಂಘದ ಹಿರಿಯರೊಬ್ಬರಿಗೆ ನಕ್ಷೆ ತೋರಿಸಿದೆ. ಅವರು ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದವರು. ನಕ್ಷೆಯ ಮೇಲೆ ಬೆರಳಿಟ್ಟು, "ಆ ಕಾರಂಜಿ ದಾಟದೆ ಕೌನ್ಸಿಲ್ ಹಾಲಿಗೆ ಹೋಗುವುದು ಹೇಗೆ ಮಾರಾಯ್ರೆ?" ಎಂದು ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು: "ಗುಂಡು ಹಾರಿದ ದಿನ ಧಣಿಗಳು ಬಾಗಿಲು ಎಳೆದರು. ನಾವು ಒಳಗೆ ಕತ್ತಲಲ್ಲಿ ಕೂತಿದ್ದೆವು. ಹೊರಗೆ ಓಡುತ್ತಿದ್ದವರು ನಿನ್ನೆ ನಮ್ಮಲ್ಲಿ ಚಾ ಕುಡಿದವರೇ." ಆ ಮಾತಿನ ಮುಂದೆ ನನ್ನ ಜಾಣತನ ನಿಲ್ಲಲಿಲ್ಲ. ನಕ್ಷೆಯನ್ನು ತಿದ್ದಿದೆ. ಈಗ ನಮ್ಮ ದಾರಿ ಹೀಗಿದೆ, ತಾವೂ ಬಳಸಿಕೊಳ್ಳಬಹುದು.

ಮೊದಲ ನಿಲುಗಡೆ, ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಎದುರಿಗಿರುವ ಮಹಾನಗರಪಾಲಿಕೆಯ ಕಟ್ಟಡ. 1893ರಲ್ಲಿ ಪೂರ್ಣಗೊಂಡದ್ದು. ಎದುರಲ್ಲಿ ಸರ್ ಫಿರೋಜ್‌ಶಾ ಮೆಹ್ತಾ ಅವರ ಪ್ರತಿಮೆ ಇದೆ. ಇಲ್ಲಿ ಮಕ್ಕಳಿಗೆ ಜಾರ್ಜ್ ಫರ್ನಾಂಡಿಸರ ಕಥೆ ಹೇಳಿ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಕೆಲಸ ಹುಡುಕುತ್ತ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದ ತರುಣ 1961ರಲ್ಲಿ ಈ ಪಾಲಿಕೆಯ ಸದಸ್ಯರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಟರ್ಮಿನಸ್ಸಿನ ಆಚೆ, ಬಂದರಿನ ಬದಿಯ ರಸ್ತೆಗೆ ಪಿ. ಡಿಮೆಲ್ಲೊ ಅವರ ಹೆಸರಿದೆ. ಬಂದರು ಕಾರ್ಮಿಕರ ಆ ನಾಯಕರೂ ನಮ್ಮ ಕರಾವಳಿಯವರೇ. ದಿನಾ ಲೋಕಲ್ ಗಾಡಿ ಇಳಿಯುವ ನಮ್ಮಲ್ಲಿ ಎಷ್ಟು ಜನ ಇದನ್ನು ಗಮನಿಸಿದ್ದೇವೆ?

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಲ್ಲೇ ಸುಮಾರು ಒಂದು ಕಿಲೋಮೀಟರ್ ನಡೆದರೆ ಎರಡನೆಯ ನಿಲುಗಡೆ, ಹುತಾತ್ಮಾ ಚೌಕ. ಹಳೆಯ ಫ್ಲೋರಾ ಫೌಂಟನ್ ಇಲ್ಲೇ ಇದೆ. ಪಕ್ಕದಲ್ಲಿ ದೀವಟಿಗೆ ಹಿಡಿದ ಇಬ್ಬರ ಪ್ರತಿಮೆಯ ಸ್ಮಾರಕ, 1965ರದ್ದು. ಇಲ್ಲಿ ಹೇಳಬೇಕಾದ ಸಂಗತಿಗಳನ್ನು ಕ್ರಮವಾಗಿ ಹೇಳಿ, ವಿಶೇಷಣ ಬೇಡ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂತು. ಕನ್ನಡಿಗರಿಗೆ ಒಂದು ರಾಜ್ಯ ಸಿಗುವುದು ಅದರಲ್ಲಿ ನಿಚ್ಚಳವಾಯಿತು. ಮರಾಠಿಗರಿಗೆ ಮುಂಬಯಿ ಸಹಿತವಾದ ಸ್ವಂತ ರಾಜ್ಯ ಸಿಗಲಿಲ್ಲ. ಗುಜರಾತಿಗಳೊಂದಿಗೆ ದ್ವಿಭಾಷಾ ರಾಜ್ಯ ಎಂಬ ಸಲಹೆ ಇತ್ತು. ಆ ವರ್ಷ ನವೆಂಬರ್ 21ರಂದು ಶಾಸನಸಭೆಯತ್ತ ಹೊರಟಿದ್ದ ಜನರ ಮೇಲೆ ಪೊಲೀಸರು ಇಲ್ಲಿ ಗುಂಡು ಹಾರಿಸಿದರು. ಹದಿನೈದು ಜನ ಸತ್ತರು. 1956ರ ಜನವರಿ 16ರಂದು ಮುಂಬಯಿಯನ್ನು ಕೇಂದ್ರದ ಆಡಳಿತಕ್ಕೆ ಸೇರಿಸುವ ತೀರ್ಮಾನವನ್ನು ಪ್ರಧಾನಿ ನೆಹರೂ ಆಕಾಶವಾಣಿಯಲ್ಲಿ ಪ್ರಕಟಿಸಿದರು. ಮತ್ತೆ ಗಲಭೆ, ಮತ್ತೆ ಗೋಲಿಬಾರು. ಒಟ್ಟು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು.

ಬೆಳಗಾವಿಯ ಪ್ರಶ್ನೆ ಬಂದೇ ಬರುತ್ತದೆ, ನಮ್ಮ ಗುಂಪಿನಲ್ಲೂ ಬಂತು. ಮುಚ್ಚಿಡಬೇಡಿ. ಚಳವಳಿ ಆ ಭಾಗಗಳನ್ನು ಕೇಳಿದ್ದು ನಿಜ. ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟದ್ದು, ಮಹಾರಾಷ್ಟ್ರ ಅದನ್ನು ಒಪ್ಪದಿದ್ದದ್ದು, 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಎಲ್ಲವೂ ನಿಜ. ನಮ್ಮ ನಿಲುವು ನಮಗಿರಲಿ. ಆದರೆ ತಮ್ಮ ಭಾಷೆಗೊಂದು ರಾಜ್ಯ ಬೇಕೆಂದು ಬೀದಿಗಿಳಿದವರ ಆಸೆ ನಮಗೆ ಅರ್ಥವಾಗದ ಆಸೆಯಲ್ಲ. ನಮ್ಮವರೂ ಅದನ್ನೇ ಕೇಳಿದ್ದರು, ನಮಗದು ನಾಲ್ಕು ವರ್ಷ ಮೊದಲು ಸಿಕ್ಕಿತು. ಇಷ್ಟು ಹೇಳಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ನಾವು ನಿಂತಾಗ ದಾರಿಹೋಕರೊಬ್ಬರು ಮರಾಠಿಯಲ್ಲಿ, ಎಲ್ಲಿಂದ ಬಂದವರು ಎಂದು ವಿಚಾರಿಸಿದರು. ಹೇಳಿದೆವು. ಅವರೂ ಚಪ್ಪಲಿ ಬಿಟ್ಟು ನಮ್ಮ ಪಕ್ಕದಲ್ಲಿ ನಿಂತರು. ಜಗಳವೇನೂ ಆಗಲಿಲ್ಲ.

ಮೂರನೆಯದು ಉಚ್ಚ ನ್ಯಾಯಾಲಯ. ಓವಲ್ ಮೈದಾನದ ಬದಿಯಿಂದ ನೋಡಿದರೆ ಪೂರ್ತಿ ಕಾಣುತ್ತದೆ. 1908ರ ಜುಲೈ 22ರಂದು ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಆರು ವರ್ಷಗಳ ಶಿಕ್ಷೆಯಾದದ್ದು ಇಲ್ಲಿ. ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಕೆಲಸ ನಿಲ್ಲಿಸಿದರು. ಶಿಕ್ಷೆ ಕೊಟ್ಟ ನ್ಯಾಯಮೂರ್ತಿ ದಾವರ್ ಹಿಂದೊಮ್ಮೆ ತಿಲಕರ ಪರ ವಾದಿಸಿದ್ದ ವಕೀಲರು. ಇದನ್ನು ಹೇಳಿದಾಗ ಮಕ್ಕಳು ಕಣ್ಣರಳಿಸುತ್ತಾರೆ. ಇಲ್ಲೇ ಇನ್ನೊಂದು ಪ್ರಸಂಗ: ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣಗಳನ್ನು ಮುಂಬಯಿಯಲ್ಲಿ ಮಾರಿದರು; ನ್ಯಾಯಾಲಯಕ್ಕೇ ಹೋಗಿ, ಕೊಳ್ಳುತ್ತೀರಾ ಎಂದು ಮ್ಯಾಜಿಸ್ಟ್ರೇಟರನ್ನು ಕೇಳಿದರು. ಈ ಎರಡು ಕಥೆಗಳಿಗೆ ಹೊರಗಿನ ಮರದ ನೆರಳೇ ಸಾಕು.

ನಾಲ್ಕನೆಯದು ಕಾಳಾ ಘೋಡಾ. ಕನ್ನಡದಲ್ಲಿ ಕರಿ ಕುದುರೆ. ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಯ ಸವಾರಿ ಪ್ರತಿಮೆ ಇಲ್ಲಿತ್ತು. 1965ರಲ್ಲಿ ಅದನ್ನು ತೆಗೆದು ಭಾಯ್‌ಖಳಾದ ರಾಣಿಬಾಗಿಗೆ ಸಾಗಿಸಿದರು. 2017ರಲ್ಲಿ ಹೊಸ ಕುದುರೆ ಬಂತು, ಸವಾರನಿಲ್ಲ. ಸ್ಮಾರಕ ನಿಲ್ಲಿಸುವುದು ರಾಜಕೀಯವಾದರೆ ತೆಗೆಯುವುದೂ ರಾಜಕೀಯವೇ. ಇಲ್ಲಿ ಐದೇ ನಿಮಿಷ ಸಾಕು.

ಕೊನೆಯದು ರೀಗಲ್ ಸಿನೆಮಾದ ಎದುರಿನ ಹಳೆಯ ಕೌನ್ಸಿಲ್ ಹಾಲ್. ಮೂಲತಃ ನಾವಿಕರ ವಸತಿಗೃಹ, ಅದಕ್ಕೇ ಅದರ ನೆತ್ತಿಯ ಮೇಲೆ ಸಮುದ್ರದೇವತೆಯ ಕೆತ್ತನೆ. 1928ರಲ್ಲಿ ಸರಕಾರ ಇದನ್ನು ಶಾಸನಸಭೆಗಾಗಿ ತೆಗೆದುಕೊಂಡಿತು. ನರಿಮನ್ ಪಾಯಿಂಟಿನಲ್ಲಿ 1981ರಲ್ಲಿ ಹೊಸ ವಿಧಾನಭವನ ಆದಮೇಲೆ ಸಭೆ ಅಲ್ಲಿಗೆ ಹೋಯಿತು. ಈಗ ಇದು ರಾಜ್ಯ ಪೊಲೀಸರ ಪ್ರಧಾನ ಕಚೇರಿ. ಡಾ. ಅಂಬೇಡ್ಕರ್ ಸದಸ್ಯರಾಗಿದ್ದ ಸಭೆ ಇದು. 1930ರ ದಶಕದಲ್ಲಿ ಮಂತ್ರಿಯಾಗಿದ್ದ ಸರ್ ಸಿದ್ಧಪ್ಪ ಕಂಬಳಿ, ಏಕೀಕರಣದ ಮಾತನ್ನು ಒಳಗೂ ಹೊರಗೂ ಎತ್ತಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ, 1952ರ ಚುನಾವಣೆಯ ನಂತರ ಉಪಮಂತ್ರಿಯಾಗಿದ್ದು ಮುಂದೆ ಭಾರತದ ಉಪರಾಷ್ಟ್ರಪತಿಯೂ ಆದ ಬಿ. ಡಿ. ಜತ್ತಿ, ಇವರೆಲ್ಲ ಮುಂಬಯಿ ಶಾಸನಸಭೆಯಲ್ಲಿ ಕುಳಿತವರು.

ಇಲ್ಲಿ ನಿಂತು ಹಿಂದಿರುಗಿ ನೋಡಲು ಹೇಳಿ. 1955ರ ನವೆಂಬರಿನಲ್ಲಿ ಕಾರಂಜಿಯ ಬಳಿ ಬಿದ್ದ ಜನ ಹೊರಟಿದ್ದು ಈ ಕಟ್ಟಡಕ್ಕೇ. ಆಗ ಈ ಸಭೆಯಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಪ್ರತಿನಿಧಿಗಳೂ ಸದಸ್ಯರಾಗಿದ್ದರು. ಅವರು ತಲುಪಲಾಗದೆ ಹೋದ ಜಾಗವನ್ನು ನಾವು ಅರ್ಧ ಗಂಟೆಯಲ್ಲಿ, ನೀರು ಕುಡಿಯುತ್ತ, ಮಾತಾಡುತ್ತ ತಲುಪಿದ್ದೇವೆ. ಹುತಾತ್ಮಾ ಚೌಕವನ್ನು ಬಿಟ್ಟಿದ್ದರೆ ಈ ಕಟ್ಟಡಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹಿರಿಯರು ಹೇಳಿದ್ದು ಅದನ್ನೇ. ಮುಜುಗರವಾಗುವ ಜಾಗವನ್ನು ಬಿಟ್ಟು ಯೋಜಿಸಿದ ನಡಿಗೆ ಸುಲಭದ್ದಾಗುತ್ತದೆ, ಆದರೆ ಎಲ್ಲಿಗೂ ಮುಟ್ಟುವುದಿಲ್ಲ.

ಈಗ ಕೆಲವು ವ್ಯಾವಹಾರಿಕ ಮಾತುಗಳು. ನವೆಂಬರಿನಿಂದ ಫೆಬ್ರವರಿಯೊಳಗಿನ ಭಾನುವಾರ ಆರಿಸಿ. ಬೆಳಿಗ್ಗೆ ಏಳೂವರೆಗೆ ಶುರುವಾದರೆ ಹತ್ತರೊಳಗೆ ಮುಗಿಯುತ್ತದೆ. ಹಿಂದಿನ ದಿನ ರೈಲ್ವೆಯ ಮೆಗಾ ಬ್ಲಾಕ್ ಯಾವ ಮಾರ್ಗದಲ್ಲಿದೆ ಎಂದು ನೋಡಿಕೊಳ್ಳಿ. ಮೊದಲ ಸಲ ನಾನು ಇದನ್ನು ಮರೆತು ಡೊಂಬಿವಿಲಿಯವರನ್ನು ಕಾಯುತ್ತ ಮುಕ್ಕಾಲು ಗಂಟೆ ಕಳೆದೆ. ಇಪ್ಪತ್ತು ಜನ ಮೀರಬಾರದು. ಮೀರಿದರೆ ಹಿಂದೆ ನಿಂತವರಿಗೆ ಕೇಳಿಸುವುದಿಲ್ಲ, ಧ್ವನಿವರ್ಧಕ ಹಿಡಿದರೆ ಮೆರವಣಿಗೆಯಂತಾಗುತ್ತದೆ. ಗುಂಪು ದೊಡ್ಡದಾಗುವುದೇ ಆದರೆ ಪೊಲೀಸ್ ಠಾಣೆಗೆ ಮೊದಲೇ ಒಂದು ಪತ್ರ ಮುಟ್ಟಿಸಿ. ಪೊಲೀಸ್ ಕಚೇರಿಯ ಎದುರು ಕ್ಯಾಮರಾ ಬೇಡ, ರಸ್ತೆಯ ಈಚೆ ಬದಿಯಲ್ಲೇ ನಿಂತು ಮಾತಾಡಿ. ಗುಂಪಿನ ಮುಂದೆ ಒಬ್ಬರು, ಹಿಂದೆ ಒಬ್ಬರು ಇರಲಿ. ಶೌಚಾಲಯ ಎಲ್ಲಿದೆ, ವೃದ್ಧರು ಕೂರಲು ಕಟ್ಟೆ ಎಲ್ಲಿದೆ ಎಂಬುದನ್ನು ಇಸವಿಗಳಿಗಿಂತ ಮೊದಲು ಬರೆದುಕೊಳ್ಳಿ.

ಪ್ರತಿ ನಿಲುಗಡೆಗೂ ಹತ್ತು ನಿಮಿಷ ಮೀರಬಾರದು. ಒಂದು ಜಾಗ, ಒಬ್ಬ ವ್ಯಕ್ತಿ, ಒಂದು ದಿನಾಂಕ, ಇಷ್ಟನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಡಿ, ಅವರೇ ಓದಲಿ. ಕನ್ನಡ ಓದಲು ಬಾರದ ಮಗುವಿಗೆ ಅಜ್ಜಿ ಓದಿಕೊಡಲಿ. ಮುಗಿದ ಮೇಲೆ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಎಲ್ಲರೂ ಕುಳಿತು ಇಡ್ಲಿ ತಿನ್ನಿ. ಮೊದಲ ನಡಿಗೆಯ ದಿನ ನಮ್ಮ ಹಿರಿಯರು ಬಾಯಿ ಬಿಟ್ಟದ್ದು ಅಂಥ ಮೇಜಿನ ಮುಂದೆಯೇ. ಕತ್ತಲ ಕ್ಯಾಂಟೀನಿನ ಕಥೆಯನ್ನು ಅವರ ಮೊಮ್ಮಗಳು ಅವತ್ತು ಮೊದಲ ಬಾರಿಗೆ ಕೇಳಿದಳು. "ಅಜ್ಜಾ, ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದಳು. "ಯಾರೂ ಕೇಳಲಿಲ್ಲವಲ್ಲ ಮಗಾ" ಎಂದರು.

ತಾವು ಮುಂಬಯಿಯಲ್ಲೇ ಇರಬೇಕೆಂದಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡಕ್ಕೆ, ಬಳ್ಳಾರಿಗೆ ಒಂದು ಕಾಲದಲ್ಲಿ ಇಂದಿನ ಚೆನ್ನೈ ರಾಜಧಾನಿ. ಗುಲಬರ್ಗಾ, ಬೀದರ, ರಾಯಚೂರುಗಳಿಗೆ ಹೈದರಾಬಾದು. ಅಲ್ಲೂ ಇಂಥ ದಾರಿಗಳಿವೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಮುಂದೆ ನಕ್ಷೆ ಬಿಚ್ಚಿಡಿ. ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಶುರು ಮಾಡಿ.